ಮಂಕು ಒಂದೇ, ಕಾಯಿಲೆ ಎರಡು: ಬೈಪೋಲಾರ್ ಮತ್ತು ಖಿನ್ನತೆಯ ಬಗ್ಗೆ ಬಳ್ಳಾರಿ ಸೀಮೆಯ ತಪ್ಪು ಕಲ್ಪನೆಗಳು

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವವರಿರಲಿ, ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರಿರಲಿ, ಬಳ್ಳಾರಿಯ ಕೌಲ್‌ ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿರಲಿ, ಕೆಲಸ ಬಿಟ್ಟು, ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದರೆಂದರೆ ಮನೆಯವರ ಬಾಯಲ್ಲಿ ಬರುವುದು ಒಂದೇ ಮಾತು: “ಏನೋ ಮನಸಿಗೆ ಹಚ್ಚಿಕೊಂಡಾನ್ರಿ.” ಆಸ್ಪತ್ರೆಗೆ ಕರೆದೊಯ್ದರೆ ಚೀಟಿಯಲ್ಲಿ ‘ಡಿಪ್ರೆಶನ್’ ಎಂದು ಬೀಳುತ್ತದೆ. ಬಹಳಷ್ಟು ಸಲ ಅದು ಸರಿಯೇ. ಆದರೆ ಅದೇ ಮಂಕಿನ ಹಿಂದೆ ಎರಡು ಬೇರೆ ಬೇರೆ ಕಾಯಿಲೆಗಳಲ್ಲಿ ಯಾವುದಾದರೂ ಒಂದು ಇರಬಹುದು. ಒಂದು ಖಿನ್ನತೆ. ಇನ್ನೊಂದು ಬೈಪೋಲಾರ್, ಅಂದರೆ ಇಳಿವಿನ ಜೊತೆಗೆ ಏರಿನ ಕಾಲವೂ ಬಂದು ಹೋಗುವ ಕಾಯಿಲೆ. ಭಾವನೆಗಳನ್ನು ಹದದಲ್ಲಿಡುವ ಮೆದುಳಿನ ಜಾಲ ಈ ಎರಡರಲ್ಲಿ ಬೇರೆ ಬೇರೆ ರೀತಿಯಲ್ಲಿ ಹದ ತಪ್ಪುತ್ತದೆ ಎಂಬ ಸುಳಿವುಗಳು ಎರಡು ದಶಕಗಳ ಸಂಶೋಧನೆಯಲ್ಲಿ ಸಿಕ್ಕಿವೆ. ಕೊಡಬೇಕಾದ ಔಷಧಿಯೂ ಬೇರೆ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆ ಹೊತ್ತಿಗೆ ಖಿನ್ನತೆಯಿಂದ ನರಳುತ್ತಿದ್ದವರು ವಯಸ್ಕರಲ್ಲಿ ಶೇ. 2.7, ಬೈಪೋಲಾರ್ ಇದ್ದವರು ಶೇ. 0.3. ಖಿನ್ನತೆ ಇದ್ದವರಲ್ಲಿ ಶೇ. 85ರಷ್ಟು, ಬೈಪೋಲಾರ್ ಇದ್ದವರಲ್ಲಿ ಶೇ. 70ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ಆದರೂ ನಮ್ಮ ಸ್ಥಿತಿ ಬೇರೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಚಿಕಿತ್ಸೆಗೆ ಅಡ್ಡ ನಿಲ್ಲುವುದು ದುಡ್ಡು, ದೂರ ಮಾತ್ರವಲ್ಲ. ಕಿವಿಯಿಂದ ಕಿವಿಗೆ ಹಬ್ಬಿದ ಮಾತುಗಳೂ ಅಡ್ಡ ನಿಲ್ಲುತ್ತವೆ. ಅಂಥ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: “ಎರಡೂ ಒಂದೇ. ಕಮ್ಮಿ ಇದ್ದರೆ ಡಿಪ್ರೆಶನ್, ಜಾಸ್ತಿ ಆದರೆ ಬೈಪೋಲಾರ್.”

ವಾಸ್ತವ: ಹೆಚ್ಚು ಕಡಿಮೆಯ ಪ್ರಶ್ನೆಯೇ ಅಲ್ಲ ಇದು. ಎರಡು ವಾರ ಅಥವಾ ಅದಕ್ಕೂ ಮೀರಿ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟದ ಏರುಪೇರು, ತಾನು ಯಾರಿಗೂ ಬೇಡವಾದವನೆಂಬ ಭಾವ, ಇವು ಎರಡೂ ಕಾಯಿಲೆಗಳಲ್ಲಿ ಬರುತ್ತವೆ. ಮಲಗಿದವರ ಮುಖ ನೋಡಿ ಯಾವುದು ಯಾವುದೆಂದು ಹೇಳಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ವ್ಯತ್ಯಾಸವಿರುವುದು ಹಿಂದಿನ ವರ್ಷಗಳಲ್ಲಿ. ಕನಿಷ್ಠ ಒಂದು ವಾರ ನಿದ್ದೆಯೇ ಬೇಕೆನಿಸದ, ಮಾತು ನಿಲ್ಲದ, ಖರ್ಚಿಗೆ ಲಗಾಮಿಲ್ಲದ, ತಡೆದವರ ಮೇಲೆ ಸಿಟ್ಟು ಉಕ್ಕುವ ಕಾಲ ಎಂದಾದರೂ ಬಂದಿತ್ತೇ? ಅದು ಮೇನಿಯಾ, ಕನ್ನಡದಲ್ಲಿ ಉನ್ಮಾದ. ಅದರ ಸೌಮ್ಯ ರೂಪ ನಾಲ್ಕು ದಿನವಿದ್ದರೂ ಲೆಕ್ಕಕ್ಕೆ ಬರುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಪೀಸ್ ಲೆಕ್ಕದಲ್ಲಿ ಪ್ಯಾಂಟ್ ಹೊಲಿಯುವ ಇಪ್ಪತ್ತಾರರ ಹುಡುಗ. ದೀಪಾವಳಿ ಸೀಸನ್ನು. ರಾತ್ರಿ ಎರಡು ತಾಸು ಮಲಗಿದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಷಿನ್ ಮುಂದೆ ಹಾಜರ್. ಬಾಯಿ ಮುಚ್ಚುವುದಿಲ್ಲ, ಕೈ ನಿಲ್ಲುವುದಿಲ್ಲ. ಮಾಲೀಕ ಬೆನ್ನು ತಟ್ಟುತ್ತಾನೆ. ಹತ್ತನೆಯ ದಿನ ಸ್ವಂತ ಯೂನಿಟ್ ಹಾಕುತ್ತೇನೆಂದು ಬಡ್ಡಿಗೆ ದುಡ್ಡು ತಂದು ನಾಲ್ಕು ಮಷಿನ್ ಬುಕ್ ಮಾಡುತ್ತಾನೆ. ಬೇಡವೆಂದ ಅಣ್ಣನ ಮೇಲೆ ಕೈ ಎತ್ತುತ್ತಾನೆ. ತಿಂಗಳು ಕಳೆದ ಮೇಲೆ ತಾನಾಗಿ ಇಳಿಯುತ್ತದೆ. “ಸೊಕ್ಕು ಇಳೀತು” ಅನ್ನುತ್ತಾರೆ ಮನೆಯವರು. ಎಂಟು ತಿಂಗಳ ನಂತರ ಮಂಕು ಕವಿಯುತ್ತದೆ. ವೈದ್ಯರು ಕೇಳಿದಾಗ ಅವ್ವ ಹೇಳುವುದು ಇಷ್ಟೇ: “ಸಾಲ ಮಾಡಿಕೊಂಡ, ಅದಕ್ಕೇ ಹಿಂಗಾದ.” ಸಾಲ ಕಾಯಿಲೆಗೆ ಕಾರಣವೆಂದೇ ಎಲ್ಲರೂ ತಿಳಿದಿದ್ದಾರೆ. ಆ ಸಾಲವೇ ಕಾಯಿಲೆಯ ಮೊದಲ ಗುರುತಾಗಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಚೀಟಿಯಲ್ಲಿ ಡಿಪ್ರೆಶನ್ ಎಂದೇ ಬರೆಯಲಾಗುತ್ತದೆ.

ಇದು ನಮ್ಮ ಕಡೆಯ ದೋಷ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಬೈಪೋಲಾರ್ ಇದ್ದವರಲ್ಲಿ ಶೇ. 69ರಷ್ಟು ಮಂದಿಗೆ ಮೊದಲು ಬೇರೆ ಕಾಯಿಲೆಯ ಹೆಸರು ಹೇಳಲಾಗಿತ್ತು, ಹೆಚ್ಚಾಗಿ ಖಿನ್ನತೆ ಎಂದೇ. ಮೂರನೇ ಒಂದು ಭಾಗಕ್ಕೂ ಹೆಚ್ಚು ಜನಕ್ಕೆ ಸರಿಯಾದ ಹೆಸರು ಸಿಗಲು ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಿತು.

ತಪ್ಪು ಕಲ್ಪನೆ: “ತಲೆ ಸ್ಕ್ಯಾನ್ ಮಾಡಿಸಿದರೆ ಯಾವುದು ಅಂತ ಗೊತ್ತಾಗುತ್ತದೆ.”

ವಾಸ್ತವ: ಗೊತ್ತಾಗುವುದಿಲ್ಲ. ಬಡವರು ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಊರಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಗಡ್ಡೆ, ರಕ್ತಸ್ರಾವ, ಮೂರ್ಛೆ ರೋಗದಂಥ ಬೇರೆ ಕಾರಣದ ಅನುಮಾನವಿದ್ದಾಗ ವೈದ್ಯರು ಸ್ಕ್ಯಾನ್ ಬರೆಯುತ್ತಾರೆ. ಇಳಿವಯಸ್ಸಿನಲ್ಲಿ ಮೊದಲ ಸಲ ಉನ್ಮಾದ ಬಂದರೂ ಬರೆಯುತ್ತಾರೆ. ಅದು ಬೇಕಾದದ್ದೇ. ಆದರೆ “ಸ್ಕ್ಯಾನ್ ನಾರ್ಮಲ್ ಬಂತು, ಹಾಗಾದರೆ ಏನೂ ಇಲ್ಲ, ನಾಟಕ” ಎಂಬ ತೀರ್ಮಾನ ದೊಡ್ಡ ಅನ್ಯಾಯ.

ಹಾಗಾದರೆ ಮೆದುಳಿನಲ್ಲಿ ವ್ಯತ್ಯಾಸವಿದೆ ಎನ್ನುವುದು ಸುಳ್ಳೇ? ಸುಳ್ಳಲ್ಲ. ಅದು ಸರಾಸರಿಯಲ್ಲಿ ಕಾಣುವ ವ್ಯತ್ಯಾಸ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 2016ರಲ್ಲಿ ಖಿನ್ನತೆಯ 1,728 ರೋಗಿಗಳ ಮತ್ತು 7,199 ಆರೋಗ್ಯವಂತರ ಮೆದುಳಿನ ಚಿತ್ರಗಳನ್ನು ಒಟ್ಟಿಗೆ ಅಳೆಯಿತು. ನೆನಪಿಗೂ ಭಾವನೆಗೂ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ರೋಗಿಗಳಲ್ಲಿ ಚಿಕ್ಕದಿತ್ತು. ಎಷ್ಟು ಚಿಕ್ಕದು? ಸರಾಸರಿ ಶೇ. 1ರ ಆಸುಪಾಸು. ಅದೇ ತಂಡ 2018ರಲ್ಲಿ ಬೈಪೋಲಾರ್ ಇರುವ 2,447 ವಯಸ್ಕರನ್ನು ನೋಡಿದಾಗ ಮೆದುಳಿನ ಹೊರಪದರ ಹಣೆಯ ಹಿಂದಿನ ಭಾಗದಲ್ಲೂ ಕಿವಿಯ ಬದಿಯ ಭಾಗದಲ್ಲೂ ತೆಳುವಾಗಿತ್ತು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಅಷ್ಟಾಗಿ ತೆಳುವಾಗಿರಲಿಲ್ಲ. ಸಾವಿರಾರು ಜನರನ್ನು ಒಟ್ಟುಗೂಡಿಸಿದರೆ ಮಾತ್ರ ಕಾಣುವ ಈ ಅಂತರ, ಒಬ್ಬ ಮನುಷ್ಯನ ಫಿಲ್ಮನ್ನು ಬೆಳಕಿಗೆ ಹಿಡಿದರೆ ಕಾಣುವುದಿಲ್ಲ. ಆರೋಗ್ಯವಂತರಲ್ಲೇ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ತಪ್ಪು ಕಲ್ಪನೆ: “ಇದೆಲ್ಲ ಬೆಂಗಳೂರಿನ ದೊಡ್ಡ ಡಾಕ್ಟರಿಗೆ ಮಾತ್ರ ಗೊತ್ತಾಗೋದು.”

ವಾಸ್ತವ: ಈ ಮಾತನ್ನು ದೇಶದಲ್ಲೇ ಮೊದಲು ಸುಳ್ಳು ಮಾಡಿದ ಊರುಗಳಲ್ಲಿ ಬಳ್ಳಾರಿಯೂ ಒಂದು. ಇದು ಇಲ್ಲಿಯವರಿಗೇ ಗೊತ್ತಿಲ್ಲ ಎನ್ನುವುದು ನನ್ನ ಸಂಕಟ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ, ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳ ಗೋಡೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬೇಕೆಂಬ ಗುರಿ ಕಾಗದದಲ್ಲಿತ್ತು. ಒಂದು ಇಡೀ ಜಿಲ್ಲೆಯಲ್ಲಿ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. 80ರ ದಶಕದ ನಡುವಿನಿಂದ 1990ರವರೆಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ಅವಧಿಯ ತರಬೇತಿ ಕೊಟ್ಟರು. ಬೆರಳೆಣಿಕೆಯ ಔಷಧಿಗಳನ್ನು ಕೇಂದ್ರಗಳಲ್ಲಿ ಸಿಗುವಂತೆ ಮಾಡಿದರು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಪುಟ್ಟ ತಂಡ ಬೆನ್ನಿಗಿತ್ತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಮುಂದೆ ಕನ್ನಡದ ಮನೆಮನೆಗೆ ಮಾನಸಿಕ ಆರೋಗ್ಯದ ಪುಸ್ತಕಗಳನ್ನು ಮುಟ್ಟಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯವನ್ನು ಕಟ್ಟಿದ ಕಾಲವದು. ಆ ಪ್ರಯೋಗಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ಬೇರೆ ಜಿಲ್ಲೆಗಳಿಗೆ ಒಯ್ದದ್ದು ಇದೇ ಮಾದರಿಯಲ್ಲಿ.

ಹಳ್ಳಿಯ ವೈದ್ಯರ ಬಳಿ ಆಗ ಎಂಆರ್‌ಐ ಇರಲಿಲ್ಲ, ಇಂದಿಗೂ ಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಗೊತ್ತಿದ್ದರೆ ಸಾಕು: “ಇದಕ್ಕೂ ಮುಂಚೆ ಎಂದಾದರೂ, ನಿದ್ದೆ ಇಲ್ಲದೇ ಇದ್ದರೂ ದಣಿವಾಗದ ದಿನಗಳು ಬಂದಿದ್ದವೇ?” ಅದನ್ನು ರೋಗಿಯನ್ನಷ್ಟೇ ಅಲ್ಲ, ಜೊತೆಗೆ ಬಂದವರನ್ನೂ ಕೇಳಬೇಕು. ಏರಿನ ಕಾಲ ಅನುಭವಿಸುವವರಿಗೆ ಅದು ಕಾಯಿಲೆ ಅನ್ನಿಸುವುದೇ ಇಲ್ಲ. ನೋಡಿದವರಿಗೆ ಮಾತ್ರ ನೆನಪಿರುತ್ತದೆ.

ಈಗ ಬಳ್ಳಾರಿಯಲ್ಲಿ ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ತಜ್ಞರು ಬರುವ ಮನೋಚೈತನ್ಯ ಎಂಬ ಯೋಜನೆಯನ್ನೂ ರಾಜ್ಯ ಸರ್ಕಾರ ತಂದಿದೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ಹೊರಡಿ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೊಮೀಟರು ಮೀರಿದ ದಾರಿ, ಒಂದು ದಿನದ ಕೂಲಿ ಹೋಗುತ್ತದೆ. ಅದು ಉಳಿಯುವುದಾದರೆ ಯಾಕೆ ಬಿಡಬೇಕು?

ತಪ್ಪು ಕಲ್ಪನೆ: “ಧೈರ್ಯ ಇಲ್ಲ ಅಷ್ಟೇ. ಮನಸು ಗಟ್ಟಿ ಮಾಡಿಕೊಂಡರೆ ಎದ್ದು ಓಡಾಡತಾನ.”

ವಾಸ್ತವ: ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು ಇದು. ಮೆದುಳಿನ ಸಂಶೋಧನೆ ಎಲ್ಲಕ್ಕಿಂತ ಸ್ಪಷ್ಟವಾಗಿ ಉತ್ತರ ಕೊಡುವುದೂ ಇದಕ್ಕೇ. ಸ್ವಲ್ಪ ನಿಧಾನಿಸಿ ನೋಡೋಣ.

ಕಿವಿಯ ನೇರಕ್ಕೆ, ಮೆದುಳಿನ ಆಳದಲ್ಲಿ, ಬಾದಾಮಿ ಬೀಜದಷ್ಟು ಗಾತ್ರದ ಅಮಿಗ್ಡಲಾ ಎಂಬ ಭಾಗ ಎರಡೂ ಬದಿಗೆ ಇದೆ. ಅಪಾಯ, ಅವಮಾನ, ಆಸೆ, ಹೀಗೆ ಮನಸ್ಸಿಗೆ ತಟ್ಟುವ ಯಾವುದೇ ಬಂದರೂ ಅದು ಥಟ್ಟನೆ ಚುರುಕಾಗುತ್ತದೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗಗಳು ಅದನ್ನು ತೂಗಿ ನೋಡಿ ತಣ್ಣಗಾಗಿಸುತ್ತವೆ. ‘ಬೈದದ್ದು ನನಗಲ್ಲ, ಅವರಿಗೇನೋ ಕಷ್ಟ ಇರಬೇಕು’ ಎಂದು ನಾವು ಸಮಾಧಾನ ಮಾಡಿಕೊಳ್ಳುವಾಗ ನಡೆಯುವುದು ಈ ಕೆಲಸ.

2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಇದನ್ನೇ ಪರೀಕ್ಷೆಗೆ ಇಟ್ಟಿತು. ಖಿನ್ನತೆ ಇರುವವರನ್ನೂ ಇಲ್ಲದವರನ್ನೂ ಒಬ್ಬೊಬ್ಬರಾಗಿ ಸ್ಕ್ಯಾನಿಂಗ್ ಕೊಳವೆಯೊಳಗೆ ಮಲಗಿಸಿ, ಕಣ್ಣೆದುರು ಮನ ಕಲಕುವ ಚಿತ್ರಗಳನ್ನು ತೋರಿಸಿದರು. ಕೆಲವು ಚಿತ್ರ ಬಂದಾಗ, ನಿಮ್ಮ ಭಾವನೆ ಕಡಿಮೆಯಾಗುವಂತೆ ಬೇರೆ ರೀತಿ ಯೋಚಿಸಿ ಎಂದು ಸೂಚನೆ. ಎಷ್ಟು ಕಷ್ಟಪಡುತ್ತಿದ್ದಾರೆಂದು ತಿಳಿಯಲು ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಅಳೆದರು. ಮನಸ್ಸು ಹೆಚ್ಚು ಶ್ರಮಪಟ್ಟಷ್ಟೂ ಪಾಪೆ ಹಿಗ್ಗುತ್ತದೆ. ಆರೋಗ್ಯವಂತರಲ್ಲಿ ಹಣೆಯ ಹಿಂದಿನ ಭಾಗ, ಮುಖ್ಯವಾಗಿ ಎಡಬದಿ, ಚುರುಕಾಯಿತು, ಅಮಿಗ್ಡಲಾ ತಣ್ಣಗಾಯಿತು. ಖಿನ್ನತೆ ಇದ್ದವರಲ್ಲಿ ಹಣೆಯ ಹಿಂದಿನ ಭಾಗ ಎರಡೂ ಬದಿ ದುಡಿಯಿತು. ಆದರೆ ಅಮಿಗ್ಡಲಾ ತಣ್ಣಗಾಗಲಿಲ್ಲ. ಹೆಚ್ಚು ಪ್ರಯತ್ನಪಟ್ಟವರಲ್ಲಿ ಅದು ಇನ್ನಷ್ಟು ಚುರುಕಾಗಿತ್ತು.

ಅಂದರೆ ಮೂಲೆಯಲ್ಲಿ ಕೂತವಳು ಪ್ರಯತ್ನಪಡುತ್ತಿಲ್ಲ ಎನ್ನುವುದು ಸುಳ್ಳು. ಅವಳು ನಮಗಿಂತ ಹೆಚ್ಚು ಪ್ರಯತ್ನಪಡುತ್ತಿರಬಹುದು, ಪ್ರಯತ್ನ ಫಲಿಸುವ ದಾರಿ ಮುಚ್ಚಿದೆ. “ಗಟ್ಟಿ ಮಾಡಿಕೋ” ಎಂದು ದಿನಕ್ಕೆ ಹತ್ತು ಸಲ ಹೇಳಿದರೆ, ಸೋತ ಪ್ರಯತ್ನಕ್ಕೆ ಅಪರಾಧಿ ಭಾವವೂ ಸೇರುತ್ತದೆ. ಔಷಧಿ, ಆಪ್ತ ಸಮಾಲೋಚನೆ, ದಿನಕ್ಕೊಂದು ಸಣ್ಣ ಕೆಲಸಕ್ಕೆ ಕೈ ಹಚ್ಚಿಸುವ ಚಿಕಿತ್ಸೆ, ಇವು ದಾರಿಯನ್ನು ಮತ್ತೆ ತೆರೆಯುತ್ತವೆ. ಬೈಗುಳ ತೆರೆಯುವುದಿಲ್ಲ.

ಬೈಪೋಲಾರ್‌ನಲ್ಲಿ ಚಿತ್ರ ಬೇರೆ. ಹಣೆಯ ಹಿಂದೆ ಪಕ್ಕಕ್ಕೂ ಕೆಳಗೂ ಇರುವ ಪ್ರಿಫ್ರಂಟಲ್ ಭಾಗ, ಕೈ ಎತ್ತುವ ಮುನ್ನ ತಡೆಯುವ, ಮಾತು ಆಡುವ ಮುನ್ನ ನಿಲ್ಲಿಸುವ ಕೆಲಸಕ್ಕೆ ಬೇಕಾದದ್ದು, ಉನ್ಮಾದದ ಹೊತ್ತಿನಲ್ಲಿ ಮಂದವಾಗಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಆರಾಮಾಗಿರುವ ದಿನಗಳಲ್ಲೂ, ಭಾವನೆಯನ್ನು ತಗ್ಗಿಸಿಕೊಳ್ಳಿ ಎಂದಾಗ ಆ ಭಾಗ ಸಾಕಷ್ಟು ಚುರುಕಾಗದಿರುವುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಣ್ಣನ ಮೇಲೆ ಕೈ ಎತ್ತಿದ ಹುಡುಗನನ್ನು ‘ಸೊಕ್ಕು’ ಎಂದು ಕರೆಯುವ ಮುನ್ನ ಇದು ನೆನಪಿರಲಿ.

ತಪ್ಪು ಕಲ್ಪನೆ: “ಡಿಪ್ರೆಶನ್‌ನವರಿಗೆ ದುಃಖ ಜಾಸ್ತಿ, ಬೈಪೋಲಾರ್‌ನವರಿಗೆ ಖುಷಿ ಜಾಸ್ತಿ.”

ವಾಸ್ತವ: ಬೈಪೋಲಾರ್ ಇರುವವರು ಕಾಯಿಲೆಯ ದಿನಗಳಲ್ಲಿ ಹೆಚ್ಚು ಕಾಲ ಕಳೆಯುವುದು ಮಂಕಿನಲ್ಲೇ. ಅಮೆರಿಕದಲ್ಲಿ 146 ರೋಗಿಗಳನ್ನು ಸುಮಾರು 13 ವರ್ಷ ವಾರವಾರ ಲೆಕ್ಕವಿಟ್ಟು ಗಮನಿಸಿದ ಅಧ್ಯಯನದಲ್ಲಿ, ಶೇ. 32ರಷ್ಟು ವಾರಗಳು ಖಿನ್ನತೆಯಲ್ಲಿ ಹೋಗಿದ್ದವು, ಶೇ. 9ರಷ್ಟು ಮಾತ್ರ ಉನ್ಮಾದದಲ್ಲಿ. ಭಾರತದ ರೋಗಿಗಳಲ್ಲಿ ಉನ್ಮಾದದ ಸರದಿಗಳು ಪಶ್ಚಿಮದವರಿಗಿಂತ ಹೆಚ್ಚೆಂದು ಇಲ್ಲಿನ ಅಧ್ಯಯನಗಳು ಹೇಳುತ್ತವೆ. ಆದರೂ ಇಳಿವಿನ ಕಾಲ ಕಡೆಗಣಿಸುವಂಥದ್ದಲ್ಲ. ಮೇಲಾಗಿ ಉನ್ಮಾದವೆಂದರೆ ಖುಷಿ ಎಂದೇನೂ ಇಲ್ಲ. ಎಷ್ಟೋ ಜನರಲ್ಲಿ ಅದು ಬರೀ ಸಿಡುಕು, ಸಂಶಯ, ಜಗಳ.

ಇಬ್ಬರೂ ಮಂಕಾಗಿರುವಾಗಲೇ ಸ್ಕ್ಯಾನ್ ಮಾಡಿ ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಒಂದು ಕುತೂಹಲದ ಸಂಗತಿ ಸಿಕ್ಕಿದೆ. ಖಿನ್ನತೆಯವರ ಅಮಿಗ್ಡಲಾ ದುಃಖದ ಮುಖಗಳಿಗೆ ಹೆಚ್ಚು ಸ್ಪಂದಿಸಿದರೆ, ಬೈಪೋಲಾರ್‌ನವರಲ್ಲಿ ಅದು ನಗುಮುಖಗಳಿಗೆ ಹೆಚ್ಚು ಸ್ಪಂದಿಸಿತು. ಮಂಕು ಕವಿದಿದ್ದರೂ ಒಳಗೆ ಆ ಇನ್ನೊಂದು ತುದಿಯ ಜಾಲ ಎಚ್ಚರವಾಗಿಯೇ ಇರುತ್ತದೆ ಎಂಬ ಊಹೆಗೆ ಇದು ಇಂಬು ಕೊಡುತ್ತದೆ. ಊಹೆ ಎಂದೇ ಹೇಳುತ್ತಿದ್ದೇನೆ. ಇಂಥ ಅಧ್ಯಯನಗಳು ಸಣ್ಣವು, ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದದಿರುವುದೂ ಉಂಟು. 2017ರಲ್ಲಿ ಖಿನ್ನತೆಯ 99 ಮೆದುಳು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಲ್ಲವೂ ಒಪ್ಪುವ ಒಂದು ಜಾಗವೂ ಸಿಗಲಿಲ್ಲ. ‘ಮೆದುಳಿನ ಇಂಥ ಭಾಗ ಕೆಟ್ಟಿದೆ, ನಾವು ಸರಿಮಾಡುತ್ತೇವೆ’ ಎಂದು ಯಾರಾದರೂ ಬೋರ್ಡು ಹಾಕಿದ್ದರೆ ಅಲ್ಲಿಗೆ ದುಡ್ಡು ಸುರಿಯಬೇಡಿ.

ತಪ್ಪು ಕಲ್ಪನೆ: “ಬೆಳಿಗ್ಗೆ ನಗುತ್ತಾಳೆ, ಮಧ್ಯಾಹ್ನ ಸಿಟ್ಟು, ರಾತ್ರಿ ಅಳು. ಇದು ಬೈಪೋಲಾರೇ.”

ವಾಸ್ತವ: ದಿನದೊಳಗೆ ಮನಸ್ಸು ಏರಿಳಿಯುವುದು ಎಲ್ಲರಿಗೂ ಸಹಜ. ಬೈಪೋಲಾರ್‌ನ ಏರಿಳಿತ ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ಜೊತೆಗೆ ನಿದ್ದೆ, ಮಾತು, ಕೆಲಸ, ಖರ್ಚು ಎಲ್ಲವೂ ಬದಲಾಗುತ್ತವೆ. ಈ ಹೆಸರನ್ನು ಸೊಸೆಯ ಮೇಲಿನ ಬೈಗುಳವಾಗಿ ಬಳಸುವುದನ್ನು ನಿಲ್ಲಿಸಬೇಕು.

ತಪ್ಪು ಕಲ್ಪನೆ: “ಡಿಪ್ರೆಶನ್ ಗುಳಿಗೆ ಯಾವುದಾದರೇನು, ಹಳೇ ಚೀಟಿ ತೋರಿಸಿ ತಂದರಾಯಿತು.”

ವಾಸ್ತವ: ಜ್ವರ ಒಂದೇ ಥರ ಕಂಡರೂ ಮಲೇರಿಯಾಕ್ಕೂ ಟೈಫಾಯ್ಡಿಗೂ ಒಂದೇ ಗುಳಿಗೆ ಕೊಡುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಖಿನ್ನತೆ ನಿವಾರಕ ಗುಳಿಗೆಗಳು ಖಿನ್ನತೆಯಲ್ಲಿ ಒಳ್ಳೆಯ ಕೆಲಸ ಮಾಡುತ್ತವೆ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಚಟ ಹಿಡಿಸುವುದಿಲ್ಲ. ಬೈಪೋಲಾರ್ ಇರುವವರಿಗೆ ಅದೇ ಗುಳಿಗೆಯನ್ನು ಒಂಟಿಯಾಗಿ ಕೊಟ್ಟರೆ ಕೆಲವರು ಮಂಕಿನಿಂದ ನೇರ ಉನ್ಮಾದಕ್ಕೆ ಹಾರುತ್ತಾರೆ. ಅವರಿಗೆ ಮೊದಲು ಬೇಕಾದದ್ದು ಮನಸ್ಥಿತಿಯನ್ನು ಸಮತೋಲದಲ್ಲಿಡುವ ಔಷಧಿ. 2007ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ಆ ಔಷಧಿಯ ಜೊತೆ ಖಿನ್ನತೆ ನಿವಾರಕವನ್ನೂ ಸೇರಿಸಿದವರಿಗೆ ಬರೀ ಸಕ್ಕರೆ ಗುಳಿಗೆ ಸೇರಿಸಿದವರಿಗಿಂತ ಚೇತರಿಕೆಯಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲವೆಂದು ತೋರಿಸಿತು.

ಗುಳಿಗೆ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಬೇಡವಾಗಿ, ಮಾತು ಹೆಚ್ಚಾಗಿ, “ನಾನು ಪೂರ್ತಿ ಗುಣವಾದೆ, ಗಂಗಾವತಿಯಲ್ಲಿ ಜಾಗ ನೋಡಿದ್ದೇನೆ” ಎಂದರೆ ಖುಷಿಪಡಬೇಡಿ. ಅವತ್ತೇ ವೈದ್ಯರಿಗೆ ತಿಳಿಸಿ.

ತಪ್ಪು ಕಲ್ಪನೆ: “ಲಿಥಿಯಂ ಅಂದರೆ ವಿಷ. ಆರಾಮಾದ ಮೇಲೆ ಯಾಕೆ ನುಂಗಬೇಕು?”

ವಾಸ್ತವ: 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದದ ಹತ್ತು ರೋಗಿಗಳಿಗೆ ಲಿಥಿಯಂ ಲವಣ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಎಪ್ಪತ್ತೈದು ವರ್ಷ ದಾಟಿದರೂ ಬೈಪೋಲಾರ್ ಮರುಕಳಿಸದಂತೆ ತಡೆಯುವಲ್ಲಿ ಇದರಷ್ಟು ನೆಚ್ಚಿಕೆಯ ಔಷಧಿ ಕಡಿಮೆ. ಬೆಲೆಯೂ ಕಡಿಮೆ. ಆರಾಮಾಗಿರುವುದೇ ಗುಳಿಗೆಯಿಂದ, ಒಮ್ಮೆಲೇ ಬಿಟ್ಟರೆ ಉನ್ಮಾದ ಬೇಗ ಮರಳುತ್ತದೆ.

ಆದರೆ ಲಿಥಿಯಂ ಅನ್ನು ಅಳತೆಯಲ್ಲೇ ಇಡಬೇಕು. ಬಳ್ಳಾರಿಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು. ಕೊನೆಯ ಗುಳಿಗೆ ನುಂಗಿ 12 ತಾಸಾದ ಮೇಲೆ ರಕ್ತ ಕೊಡಬೇಕು. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಸುರಿದು ನೀರಿನಂಶ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಮಟ್ಟ ಏರುತ್ತದೆ. ವಾಂತಿ ಭೇದಿ ಆದರೂ ಹಾಗೆಯೇ. ಬಿಪಿ ಇದೆಯೆಂದು ಉಪ್ಪನ್ನು ಒಮ್ಮೆಲೇ ಬಿಟ್ಟರೂ ಹಾಗೆಯೇ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳೂ ಮಟ್ಟವನ್ನು ಏರಿಸುತ್ತವೆ. ಬಿಪಿಯ ಕೆಲವು ಗುಳಿಗೆಗಳದೂ ಇದೇ ಕತೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಗುಳಿಗೆ ಕೊಡದೆ ಆಸ್ಪತ್ರೆಗೆ ಹೊರಡಿ. ಗದ್ದೆಗೆ ಹೋಗುವವರು ನೀರಿನ ಬಾಟಲಿ ಮರೆಯಬಾರದು, ಮಜ್ಜಿಗೆಗೆ ಎಂದಿನಷ್ಟೇ ಉಪ್ಪು ಹಾಕಬೇಕು.

ಇನ್ನೊಂದು ಎಚ್ಚರ ಹೆಣ್ಣುಮಕ್ಕಳಿಗೆ. ಬೈಪೋಲಾರ್‌ಗೆ ಕೊಡುವ ವಾಲ್ಪ್ರೊಯೇಟ್ ಗರ್ಭದಲ್ಲಿನ ಮಗುವಿಗೆ ಗಂಭೀರ ದೋಷ ತರಬಲ್ಲದು. ಮದುವೆ ಗೊತ್ತಾಗಿದ್ದರೆ, ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ ಔಷಧಿ ಬದಲಿಸಿಕೊಳ್ಳಬೇಕು. ತಾವಾಗಿಯೇ ನಿಲ್ಲಿಸಬಾರದು.

ತಪ್ಪು ಕಲ್ಪನೆ: “ದೇವರು ಮೈಮೇಲೆ ಬಂದಾನ”, “ಬಾಣಂತಿ ಸನ್ನಿ, ಗಾಳಿ ಸೋಕೈತಿ.”

ವಾಸ್ತವ: ಮೈಮೇಲೆ ದೇವರು ಬರುವ ಆಚರಣೆ ಬೇರೆ, ಅದಕ್ಕೊಂದು ಹೊತ್ತಿದೆ, ಜಾಗವಿದೆ, ಮುಗಿದ ಮೇಲೆ ಆ ವ್ಯಕ್ತಿ ಎಂದಿನಂತೆ ಮನೆಗೆ ಹೋಗುತ್ತಾರೆ. ದಿನಗಟ್ಟಲೆ ನಿದ್ದೆಯಿಲ್ಲದೆ ತಾನೇ ದೇವರೆನ್ನುತ್ತ ತಿರುಗುವುದು ಉನ್ಮಾದವಾಗಿರಬಹುದು. ಕುರುಗೋಡಿನ ದೊಡ್ಡಬಸವೇಶ್ವರನಿಗೋ, ಬಳ್ಳಾರಿಯ ಕನಕದುರ್ಗಮ್ಮನಿಗೋ, ದರ್ಗಾಕ್ಕೋ ಹರಕೆ ಹೊರುವುದಕ್ಕೆ ಯಾವ ವೈದ್ಯರ ಅಡ್ಡಿಯೂ ಇಲ್ಲ. ಹರಕೆಯ ಜೊತೆ ಗುಳಿಗೆಯೂ ನಡೆಯಲಿ. ಒಂದೇ ಒಂದು ಕೋರಿಕೆ: ಬೈಪೋಲಾರ್ ಇರುವವರನ್ನು ಜಾಗರಣೆಗೆ ಕೂರಿಸಬೇಡಿ. ಒಂದೆರಡು ರಾತ್ರಿ ನಿದ್ದೆಗೆಟ್ಟರೆ ಸಾಕು, ಉನ್ಮಾದ ಹೊತ್ತಿಕೊಳ್ಳಬಲ್ಲದು. ಜಾತ್ರೆ, ಅಲಾಯಿ ಕುಣಿತದ ರಾತ್ರಿಗಳು, ಕಾಲುವೆಗೆ ರಾತ್ರಿ ನೀರು ಬಿಟ್ಟಾಗ ಗದ್ದೆ ಕಾಯುವ ಪಾಳಿ, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಬಾಣಂತಿ ಸನ್ನಿ ತುರ್ತು ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಬರುತ್ತದೆ. ಬೈಪೋಲಾರ್ ಜೊತೆ ಅದರ ನಂಟು ಬಹಳ ಗಟ್ಟಿ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ ಕತ್ತಲ ಕೋಣೆಯಲ್ಲಿ ಕೂಡಿಹಾಕದೆ ಅಂದೇ ಆಸ್ಪತ್ರೆಗೆ ಸೇರಿಸಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗಿ ಮಗುವನ್ನು ಎತ್ತಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: “ಕರೆಂಟ್ ಕೊಟ್ಟರೆ ಮೆದುಳು ಸುಟ್ಟು ಹೋಗುತ್ತದೆ.”

ವಾಸ್ತವ: ಸುಡುವುದಿಲ್ಲ. ಊಟ ನೀರು ಬಿಟ್ಟು ಪ್ರಾಣಕ್ಕೇ ಬಂದ ಖಿನ್ನತೆಯಲ್ಲಿ, ಯಾವುದಕ್ಕೂ ಬಗ್ಗದ ಉನ್ಮಾದದಲ್ಲಿ ಇದು ಬೇಗ ಫಲ ಕೊಡುವ ಚಿಕಿತ್ಸೆ. ಕೆಲವರಿಗೆ ಆ ದಿನಗಳ ನೆನಪು ಮಸುಕಾಗುತ್ತದೆ ಎನ್ನುವುದು ನಿಜ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ತಪ್ಪು ಕಲ್ಪನೆ: “ಆ ಮನೆತನದಲ್ಲಿ ಐತಿ, ಹೆಣ್ಣು ಕೊಡಬ್ಯಾಡ್ರಿ”, “ಮದುವೆ ಮಾಡಿದರೆ ಸರಿ ಹೋಗುತ್ತದೆ.”

ವಾಸ್ತವ: ಎರಡೂ ತಪ್ಪು. ಬೈಪೋಲಾರ್‌ನಲ್ಲಿ ಅನುವಂಶೀಯತೆಯ ಪಾಲು ಖಿನ್ನತೆಗಿಂತ ಹೆಚ್ಚು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಒಬ್ಬರಿಗೆ ಬೈಪೋಲಾರ್ ಇದ್ದರೂ ಮಕ್ಕಳಲ್ಲಿ ನೂರಕ್ಕೆ ಸುಮಾರು ಐದರಿಂದ ಹತ್ತು ಮಂದಿಗೆ ಮಾತ್ರ ಅದು ಬರುತ್ತದೆ. ಉಳಿದ ತೊಂಬತ್ತು, ತೊಂಬತ್ತೈದು ಮಂದಿಗೆ ಬರುವುದಿಲ್ಲ. ಇನ್ನು ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಆಗುವುದೇನೆಂದರೆ, ಹೊಸ ಮನೆಯಲ್ಲಿ ಗುಳಿಗೆ ನುಂಗಲು ಹೆದರಿ ಬಿಡುತ್ತಾರೆ, ಮದುವೆಯ ಗದ್ದಲದಲ್ಲಿ ನಿದ್ದೆ ಕೆಡುತ್ತದೆ, ತಿಂಗಳೊಳಗೆ ಕಾಯಿಲೆ ಮರಳುತ್ತದೆ. ಹೇಳಿಯೇ ಮದುವೆ ಮಾಡುವುದು ಹುಡುಗ ಹುಡುಗಿ ಇಬ್ಬರಿಗೂ ಒಳ್ಳೆಯದು.

ತಪ್ಪು ಕಲ್ಪನೆ: “ಸಾಯೋ ಮಾತು ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ.”

ವಾಸ್ತವ: ಕೇಳಿದರೆ ಹುಟ್ಟುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. “ತಮ್ಮಾ, ಜೀವ ಬ್ಯಾಡ ಅನ್ನಿಸತೈತೇನು?” ಎಂದು ಪಕ್ಕದಲ್ಲಿ ಕೂತು, ಮೆತ್ತಗೆ, ನೇರವಾಗಿ ಕೇಳಿ. ಎರಡೂ ಕಾಯಿಲೆಗಳಲ್ಲಿ ಈ ಅಪಾಯವಿದೆ. ಮಂಕೂ ಚಡಪಡಿಕೆಯೂ ಒಟ್ಟಿಗೆ ಸೇರುವ ಬೈಪೋಲಾರ್‌ನ ಮಿಶ್ರ ಸ್ಥಿತಿಯಲ್ಲಿ ಅದು ಇನ್ನೂ ಹೆಚ್ಚು, ಯಾಕೆಂದರೆ ಬೇಸರದ ಜೊತೆಗೆ ಎದ್ದು ಏನಾದರೂ ಮಾಡಿಬಿಡುವ ಕಸುವೂ ಇರುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಬೀಗದೊಳಗಿರಲಿ, ಕೀಲಿ ಬೇರೆಯವರ ಹತ್ತಿರ. ಗುಳಿಗೆಯ ಪಟ್ಟಿಗಳೂ ಮನೆಯವರ ಕೈಯಲ್ಲಿರಲಿ, ದಿನದಿನದ್ದು ದಿನಕ್ಕೆ ಕೊಡಿ.

ರಾತ್ರಿ ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ ಇದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಕೇಳಬಹುದು. ಆಗಬಾರದ್ದು ಆಗಿಬಿಟ್ಟಿದ್ದರೆ ಪೊಲೀಸ್ ಕೇಸಿಗೆ ಹೆದರಿ ಒಂದು ನಿಮಿಷವನ್ನೂ ಕಳೆಯಬೇಡಿ. 2017ರ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವೆನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮೇ ಇಲ್ಲ. ಹತ್ತಿರದ ಆಸ್ಪತ್ರೆಗೆ ಮೊದಲು ಕರೆದೊಯ್ಯಿರಿ. ಜೀವ ಉಳಿದ ಮೇಲೆ, ಗಾಯ ಒಣಗಿತೆಂದು ನೇರ ಮನೆಗೆ ಬರದೆ, ಮನೋವೈದ್ಯರನ್ನು ಕಂಡು ಹಿಂದಿನ ವರ್ಷಗಳ ಏರಿನ ದಿನಗಳನ್ನೂ ಸೇರಿಸಿ ಎಲ್ಲ ಹೇಳಿ.